ತೊಳೆದುಹೋದ ಹೂಳು

ನದಿ ಕಡಲಿಗೆ ಸೇರುವ ಜಾಗದಲ್ಲಿ ಹೆಂಚಿನ ಮೂರು ಕೋಣೆ, ಒಂದು ಉದ್ದನೆಯ ತಗಡಿನ ಚಪ್ಪರ. ಊರಿನವರು ಅದನ್ನು ಆಶ್ರಮ ಎನ್ನುತ್ತಿದ್ದರು. ಅಲ್ಲಿದ್ದ ಭಾಗೀರಥಿ ಅಮ್ಮ ಮಾತ್ರ ಒಂದು ದಿನವೂ ಹಾಗೆ ಅಂದವರಲ್ಲ.

ಅಮ್ಮ ಕಾವಿ ಉಟ್ಟವರಲ್ಲ, ಪ್ರವಚನ ಮಾಡಿದವರೂ ಅಲ್ಲ. ಮೂವತ್ತು ವರ್ಷ ಹಡಗಿನ ಮೇಲೆ ತಿರುಗಿ, ಕಡಲ ತಳದ ಹೂಳನ್ನು ಮೇಲೆತ್ತಿ ಓದಿದವರು. ಯಾವ ಪದರ ಯಾವ ಕಾಲದ್ದು, ಆಗ ನೀರು ಬೆಚ್ಚಗಿತ್ತೋ ತಣ್ಣಗಿತ್ತೋ, ಎಲ್ಲವನ್ನೂ ಅವರು ಕೆಸರಿನಿಂದಲೇ ಕೇಳಿ ತಿಳಿಯುತ್ತಿದ್ದರು.

ನೆಮ್ಮದಿ ಬೇಕೆಂದು ಬಂದವರಿಗೆಲ್ಲ ಅಮ್ಮ ಒಂದು ತಟ್ಟೆ ಹೊಳೆಯ ಕೆಸರು, ಒಂದು ಸಣ್ಣ ಜರಡಿ ಕೊಡುತ್ತಿದ್ದರು.

"ತೊಳಿ. ಉಳಿದದ್ದನ್ನು ನೋಡು" ಎನ್ನುತ್ತಿದ್ದರು.

ಉಳಿಯುತ್ತಿದ್ದುದು ಸಾಸಿವೆಗಿಂತ ಸಣ್ಣ ಚಿಪ್ಪುಗಳು. ನೆಮ್ಮದಿ ಹುಡುಕಿ ಬಂದವರಲ್ಲಿ ಹೆಚ್ಚಿನವರು ಮೂರನೆಯ ದಿನಕ್ಕೆ ಬಸ್ಸು ಹುಡುಕುತ್ತಿದ್ದರು.

ಇಂದುಧರ ಉಳಿದ. ಗದಗದ ಕಡೆಯವನು, ಮೂವತ್ತೈದರ ಆಸುಪಾಸು. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕೆಲಸ ಬಿಟ್ಟು ಬಂದಿದ್ದ.

ಬಂದ ದಿನ ಅಮ್ಮ ಕೇಳಿದ್ದರು: "ಯಾರ ಮನೆಯವ ತಮಾ ನೀನು?"

"ಯಾರ ಮನಿಯವನೂ ಅಲ್ರಿ. ಅಪ್ಪ ಅವ್ವ ನಾ ಸಣ್ಣಾಂವ ಇದ್ದಾಗ ಹೋದ್ರು. ನನ್ನ ಕಾಲ ಮ್ಯಾಲ ನಾ ನಿಂತು ಬೆಳದಾಂವ. ಯಾರ ಹಂಗೂ ಇಲ್ರಿ ನನಗ."

ಅಮ್ಮ ಅವನ ಮುಖವನ್ನೊಮ್ಮೆ ನೋಡಿ, ಕೆಸರಿನ ತಟ್ಟೆ ಕೊಟ್ಟರು.

ಚಪ್ಪರದ ಮೂಲೆಯಲ್ಲಿ ಒಂದು ಹಳೆಯ ಫ್ರಿಜ್ ಇತ್ತು. ಹಾಲಿಗೆ, ಮೊಸರಿಗೆ ಅದರಲ್ಲಿ ಜಾಗವಿರಲಿಲ್ಲ. ಉದ್ದಕ್ಕೆ ಸೀಳಿದ ಕೊಳವೆಯ ನಾಲ್ಕು ತುಂಡುಗಳು, ಒಂದೊಂದೂ ಮೊಳದುದ್ದ, ಪ್ಲಾಸ್ಟಿಕ್ ಸುತ್ತಿಕೊಂಡು ಮಲಗಿದ್ದವು. ಕೊಳವೆಯ ತುಂಬ ಬೂದುಬಣ್ಣದ ಹೂಳು. ಹೂಳಿನೊಳಗೆ ಅಲ್ಲಲ್ಲಿ ಬಿಳಿಯ ಹವಳದ ಕೊಂಬೆ.

"ಇದು ಎಲ್ಲೀದ್ರಿ?" ಎಂದು ಇಂದುಧರ ಒಮ್ಮೆ ಕೇಳಿದ.

"ಬಿಸಿಲು ಇಳಿಯದ ಆಳದ್ದು. ಅಲ್ಲಿ ಗುಡ್ಡಗಳಿವೆ."

"ಕಲ್ಲಿನ ಗುಡ್ಡಾನ್ರಿ?"

"ಅಲ್ಲ, ಹವಳದ್ದು. ನೂರು ಆಳೆತ್ತರ ಬೆಳೆದದ್ದೂ ಇದೆ. ಹಡಗಿನಿಂದ ಕೊಳವೆ ಇಳಿಸಿ ಗುಡ್ಡದ ನೆತ್ತಿಗೆ ಚುಚ್ಚಿ ತೆಗೆದದ್ದು ಇದು."

"ಬಿಸಿಲಿಲ್ಲದ ಹವಳ ಹ್ಯಾಂಗ ಬದುಕ್ತಾವ್ರಿ?"

"ನೀರು ಹರೀತದಲ್ಲ, ಅದು ತಂದು ಬಾಯಿಗೆ ಹಾಕ್ತದೆ. ಅವು ಕೈ ಚಾಚಿಕೊಂಡು ಕೂತಿರ್ತಾವೆ, ಅಷ್ಟೆ."

ಸೀಳಿದ ಇನ್ನೊಂದು ಅರ್ಧವನ್ನು ಅಮ್ಮ ಹಡಗಿನಲ್ಲಿದ್ದಾಗಲೇ ಪರೀಕ್ಷೆಗೆ ಬಳಸಿ ಮುಗಿಸಿದ್ದರು. ಆ ಗುಡ್ಡದ್ದೆಂದು ಉಳಿದದ್ದು ಈ ನಾಲ್ಕು ತುಂಡು ಮಾತ್ರ. ಅವರ ಒಂದು ಪ್ರಶ್ನೆಯೂ ಹಾಗೇ ಉಳಿದಿತ್ತು. ಗುಡ್ಡ ಒಂದು ಕಾಲದಲ್ಲಿ ಬೆಳೆಯುವುದನ್ನು ನಿಲ್ಲಿಸಿತ್ತು, ಆಮೇಲೆ ಮತ್ತೆ ಶುರುಮಾಡಿತ್ತು. ಯಾಕೆ? ಅದನ್ನು ಓದುವಷ್ಟರಲ್ಲಿ ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು.

ಬಂದ ಹದಿನಾಲ್ಕನೆಯ ತಿಂಗಳಲ್ಲಿ ಅಮ್ಮ ಇಂದುಧರನನ್ನು ಕರೆದರು.

"ನಾನು ಕಣ್ಣಿನ ಆಪರೇಶನ್‌ಗೆ ಹೋಗ್ತೇನೆ. ಬಂದ ಮೇಲೆ ಮೊದಲನೇ ತುಂಡು ಬಿಚ್ಚುವ. ನಾನು ಪಕ್ಕದಲ್ಲಿ ಕೂತಿರ್ತೇನೆ. ಓದುವವ ನೀನು."

ಇಂದುಧರನಿಗೆ ಆ ದಿನ ಸಂತೋಷಕ್ಕೆ ಊಟ ಸೇರಲಿಲ್ಲ. ಇದೊಂದು ಮಾತಿಗಾಗಿಯೇ ಅವನು ಇಷ್ಟು ದಿನ ಕಾದಿದ್ದ.

ಅಮ್ಮ ತಾಲೂಕಿನ ಆಸ್ಪತ್ರೆಗೆ ಹೋದರು. ಮರುದಿನ ಬೆಳಗ್ಗೆ ಅವನಿಗೊಂದು ಯೋಚನೆ ಬಂತು. ಅಮ್ಮನ ಹೊಸ ಕಣ್ಣು ಮೊಟ್ಟಮೊದಲು ಏನನ್ನು ನೋಡಬೇಕು? ಬೂದುಬಣ್ಣದ ಕೆಸರನ್ನೇ? ಕೆಸರಿನೊಳಗೆ ಅಷ್ಟು ಚೆಂದದ ಹವಳ ಇರುವಾಗ!

ಮೊದಲನೆಯ ತುಂಡನ್ನು ತೆಗೆದು ದೊಡ್ಡ ಜರಡಿಗೆ ಸುರಿದ. ಕೊಡ ಕೊಡ ನೀರು ಹಾಕಿದ. ತೊಳೆದು ಉಳಿದದ್ದನ್ನು ನೋಡುವುದು ಅವನು ದಿನಾ ಮಾಡಿದ ಕೆಲಸವೇ. ಕೆಸರು ಅಂಗಳದ ಕಾಲುವೆಯಲ್ಲಿ ಹರಿದು ಹೊಳೆ ಸೇರಿತು. ಜರಡಿಯಲ್ಲಿ ಹವಳದ ಕೊಂಬೆಗಳು ತೊಳೆದ ಅಕ್ಕಿಯ ಹಾಗೆ ಬೆಳ್ಳಗೆ ಉಳಿದವು. ಅವನು ಅವನ್ನು ಹಿತ್ತಾಳೆಯ ತಟ್ಟೆಯಲ್ಲಿ ಜೋಡಿಸಿದ.

ಎರಡು ದಿನದ ಮೇಲೆ ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಆಟೋದಿಂದ ಇಳಿದರು.

"ಅಮ್ಮಾರ, ಸ್ವಲ್ಪ ಕಣ್ಣು ಮುಚ್ಚಿರಿ."

"ಈಗಷ್ಟೇ ತೆರೆಸಿಕೊಂಡು ಬಂದಿದ್ದೇನೆ ಮಾರಾಯ, ಮತ್ತೆ ಮುಚ್ಚು ಅಂತೀಯಲ್ಲ!"

ಮುಚ್ಚಿದರು. ಅವನು ತಟ್ಟೆಯನ್ನು ಅವರ ಮುಂದಿಟ್ಟ.

"ಈಗ ನೋಡ್ರಿ."

ಅಮ್ಮ ಕನ್ನಡಕ ತೆಗೆದರು. ಒಂದು ಕೊಂಬೆಯನ್ನು ಎತ್ತಿ ತಿರುಗಿಸಿ ತಿರುಗಿಸಿ ನೋಡಿದರು. ಎಷ್ಟೋ ವರ್ಷದ ಮೇಲೆ ಅದರ ಒಂದೊಂದು ಗೆರೆಯೂ ಅವರಿಗೆ ಸ್ಪಷ್ಟವಾಗಿ ಕಂಡಿತು.

"ಚೆಂದ ಇದೆ. ಎಲ್ಲಿ ಸಿಕ್ತು ಇದು?"

"ಮೊದಲನೇ ತುಂಡಿನಾಗಿಂದ್ರಿ. ಕೆಸರೆಲ್ಲಾ ತೊಳದು ತಗದೀನಿ. ನಿಮ್ಮ ಹೊಸ ಕಣ್ಣು ಮೊದಲು ಇದನ್ನ ನೋಡ್ಲಿ ಅಂತ."

ಅಮ್ಮ ಕೊಂಬೆಯನ್ನು ತಟ್ಟೆಗಿಟ್ಟರು.

"ಹೂಳು ಎಲ್ಲಿ?"

"ಹೊಳಿಗೆ ಹೋತ್ರಿ."

"ಎಲ್ಲಾ?"

"ಎಲ್ಲಾರಿ."

ಅಮ್ಮ ಜಗಲಿಯ ಮೇಲೆ ಕುಳಿತರು.

"ಅಮ್ಮಾರ, ತಪ್ಪಾತೇನ್ರಿ?"

"ಖಾಲಿ ಕೊಳವೆ ಇದೆಯಾ?"

ತಂದುಕೊಟ್ಟ.

"ಈ ಹವಳವನ್ನು ಮೊದಲಿದ್ದ ಹಾಗೆ ಇದರಲ್ಲಿ ಇಡು."

ಅವನು ಇಡತೊಡಗಿದ. ಮೊಳದುದ್ದದ ಕೊಳವೆಯಲ್ಲಿ ಹವಳ ಒಂದು ಗೇಣನ್ನೂ ತುಂಬಲಿಲ್ಲ. ನಿಲ್ಲಿಸಿದ ಕೊಂಬೆಗಳು ಒಂದರ ಮೇಲೊಂದು ಬಿದ್ದವು.

"ಯಾವುದು ಮೇಲಿತ್ತು, ಯಾವುದು ಕೆಳಗಿತ್ತು?"

"ಗೊತ್ತಿಲ್ರಿ."

"ಉಳಿದ ಜಾಗ ಯಾರದ್ದು?"

ಅವನು ಖಾಲಿ ಬಿದ್ದ ಕೊಳವೆಯನ್ನು ನೋಡಿದ. "ಕೆಸರಿಂದ್ರಿ."

"ಆ ಗುಡ್ಡದಲ್ಲಿ ಮುಕ್ಕಾಲು ಪಾಲು ಅದೇ ತಮಾ. ಒಂದು ಮೊಳ ಅಂದ್ರೆ ಮೂರು ಸಾವಿರ ವರ್ಷ. ಯಾವ ಕಾಲದಲ್ಲಿ ಎಂತ ಬಂತು, ಎಷ್ಟು ಬಂತು ಅಂತ ಆ ಹೂಳಿಗೆ ಗೊತ್ತಿತ್ತು."

ಅಮ್ಮ ಬೈಯಲಿಲ್ಲ. ಸುಮ್ಮನೆ ಒಳಗೆ ಹೋದರು. ಅವತ್ತು ಅವರು ಊಟಕ್ಕೆ ಏಳಲಿಲ್ಲ.

ಬೈದಿದ್ದರೆ ಇಂದುಧರನಿಗೆ ಎಷ್ಟೋ ಹಗುರಾಗುತ್ತಿತ್ತು. ಬೆಳಗಾಗುತ್ತಲೇ ಚೀಲ ಕಟ್ಟಿಕೊಂಡು ಅಂಗಳಕ್ಕೆ ಬಂದ. ಅಮ್ಮ ಗೇರು ಮರದ ಒಣಕೊಂಬೆಗಳನ್ನು ಒಟ್ಟುಮಾಡಿ ಹಗ್ಗ ಕಟ್ಟುತ್ತಿದ್ದರು.

"ಎಲ್ಲಿಗೆ?"

"ಊರಿಗೆ ಹೋಗ್ತೀನ್ರಿ. ಇಲ್ಲಿ ಇರೂ ಯೋಗ್ಯತಾ ನನಗಿಲ್ಲ."

"ಹೋಗುವವನಾದ್ರೆ ಹೋಗು. ಅದಕ್ಕೂ ಮೊದಲು ಈ ಹಗ್ಗದ ತುದಿ ಹಿಡಿ."

ಹಿಡಿದ. ಕಟ್ಟು ತಯಾರಾಯಿತು. ಅಮ್ಮ ಒಂದು ಗುಂಡುಕಲ್ಲನ್ನೂ ತೋರಿಸಿದರು. ಅವನು ಎರಡನ್ನೂ ಹೊತ್ತು ಅವರ ಹಿಂದೆ ಹೊಳೆಗಿಳಿದ. ಕಡಲು ಇಳಿದ ಹೊತ್ತು, ನೀರು ಮೊಣಕಾಲಿಗಿತ್ತು.

"ಹರಿವು ಜೋರಿದ್ದಲ್ಲಿ ಇಡು. ಕಲ್ಲು ಇಲ್ಲಿ. ಕೊಂಬೆಯ ಕಟ್ಟು ಅಲ್ಲಿ, ಗೂಟ ಹೊಡೆದು ಕಟ್ಟು."

ಇಟ್ಟ, ಕಟ್ಟಿದ.

"ಎಂಟು ದಿನ ದಿನಾ ಬಂದು ನೋಡು. ಆಮೇಲೆ ಹೊರಡು, ಬಸ್ಸು ಎಲ್ಲಿಯೂ ಓಡಿಹೋಗೋದಿಲ್ಲ."

ಇಂದುಧರ ದಿನಾ ಹೋಗಿ ನೋಡಿದ. ಆ ಎಂಟು ದಿನ ಅಮ್ಮ ತೊಳೆದ ಹವಳದ ಮಾತು ತೆಗೆಯಲಿಲ್ಲ. ಫ್ರಿಜ್ಜಿನ ಬಾಗಿಲನ್ನೂ ತೆಗೆಯಲಿಲ್ಲ. ಒಳಗೆ ಮೂರು ತುಂಡುಗಳು ಉಳಿದಿದ್ದವು. ಅವು ಇನ್ನು ತನ್ನ ಪಾಲಿಗಿಲ್ಲ ಎಂದು ಅವನಿಗೆ ಗೊತ್ತಿತ್ತು.

ಎಂಟನೆಯ ದಿನ ಅಮ್ಮನೂ ಜೊತೆಗೆ ಬಂದರು.

"ಎಂತ ಕಂಡೆ? ಹೇಳು."

"ಕಲ್ಲಿನ ಸುತ್ತ ತಗ್ಗು ಬಿದ್ದೈತ್ರಿ. ಇದ್ದ ಮಣ್ಣನ್ನೂ ನೀರು ಕೆರಕೊಂಡು ಹೋಗೈತಿ. ಕಲ್ಲು ವಾಲೇತಿ."

"ಕೊಂಬೆಯ ಕಟ್ಟು?"

"ಗಟ್ಟಿ ಕುಂತೈತ್ರಿ. ಅರ್ಧ ಹೂಳಿನಾಗ ಮುಚ್ಚೇತಿ. ಹಿಂದ ಬಾಲದಂಗ ಉದ್ದಕ್ಕ ಮಣ್ಣು ಬಿದ್ದೈತಿ. ಎಳ್ಳಿನಷ್ಟು ಏಡಿ ಮರಿ ಬಂದು ಸೇರ್ಯಾವ್ರಿ."

"ಹೊಳೆ ಒಂದೇ ಅಲ್ವಾ? ಅದಕ್ಕೆ ಕೊಡದ್ದು ಇದಕ್ಕೆ ಯಾಕೆ ಕೊಟ್ಟಿತು?"

"ಹೊಳಿ ಇಬ್ಬರಿಗೂ ಕೊಟ್ಟೈತ್ರಿ. ಕಲ್ಲು ನುಣ್ಣಗ ಐತಿ, ಬಂದದ್ದೆಲ್ಲಾ ಜಾರಿ ಹೋತು. ಕೊಂಬಿ ನಡುವ ನೀರು ನಿಧಾನ ಆಗಿ, ಹೊತ್ತದ್ದನ್ನ ಇಳಿಸಿ ಹೋಗೈತಿ."

"ಕಡಲ ಆಳದಲ್ಲೂ ಇಷ್ಟೇ ಕತೆ. ಒಂದು ಚೂರು ಚಿಪ್ಪಿನ ಮೇಲೆ ಒಂದು ಹವಳದ ಮರಿ ಕೂರ್ತದೆ. ಕೊಂಬೆ ಬಿಡ್ತದೆ. ಕೊಂಬೆ ಹೂಳನ್ನು ಹಿಡೀತದೆ. ಹಿಡಿದ ಹೂಳು ಕೊಂಬೆ ಬೀಳದ ಹಾಗೆ ಸುತ್ತಲೂ ಆತುಕೊಳ್ತದೆ. ಕೆಳಗಿನದು ಸತ್ತರೂ ನಿಂತಿರ್ತದೆ. ಸತ್ತದ್ದರ ತಲೆಯ ಮೇಲೆ ಹೊಸದು ಹುಟ್ತದೆ. ಹಾಗೆ ಲಕ್ಷಗಟ್ಟಲೆ ವರ್ಷ."

"ಹೂಳು ಭಾಳ ಬಂದ್ರ ಮುಚ್ಚಿಹೋಗೂದಿಲ್ಲೇನ್ರಿ?"

"ಹೋಗ್ತದೆ. ಬರುವುದಕ್ಕಿಂತ ಒಂದು ಕೂದಲೆಳೆ ಬೇಗ ಬೆಳೀಬೇಕು. ಆದ್ರೆ ಬರುವುದೇ ಬೇಡ ಅಂದ ಹವಳ ಗುಡ್ಡ ಕಟ್ಟಿದ್ದನ್ನು ನಾನು ಮೂವತ್ತು ವರ್ಷದಲ್ಲಿ ನೋಡಲಿಲ್ಲ."

ಇಂದುಧರ ನೀರಿನಲ್ಲಿ ನಿಂತೇ ಇದ್ದ. ವಾಲಿದ ಕಲ್ಲನ್ನು ನೋಡಿದ. ಆಮೇಲೆ, ಅಮ್ಮ ಕೇಳದೆಯೇ, ಮಾತು ಅವನ ಬಾಯಿಂದ ಬಂತು.

"ಅಮ್ಮಾರ, ನಾ ಬಂದ ದಿನ ನಿಮಗ ಸುಳ್ಳು ಹೇಳೀನ್ರಿ."

"ಎಂತ ಸುಳ್ಳು?"

"ನನ್ನ ಕಾಲ ಮ್ಯಾಲ ನಾ ಬೆಳದಿಲ್ರಿ. ನಾ ವಾರಾನ್ನದ ಹುಡುಗ. ಅಪ್ಪ ಅವ್ವ ಹೋದ ಮ್ಯಾಲ ನಮ್ಮ ಮಾಸ್ತರ್ರು ಏಳು ಮನಿ ಗೊತ್ತು ಮಾಡಿಕೊಟ್ರು. ದಿನಕ್ಕೊಂದು ಮನಿಯಾಗ ಊಟ. ಸೋಮವಾರ ಪೋಸ್ಟಿನವರ ಮನಿ, ಮಂಗಳವಾರ ಮಗ್ಗದ ನೀಲವ್ವನ ಮನಿ. ಶುಕ್ರವಾರ ಬಳಿಗಾರರ ಮನ್ಯಾಗ ಹೋಳಿಗಿ ಇದ್ರ ನನಗೊಂದು ತಗದಿಡ್ತಿದ್ರು. ಎಂಟು ವರ್ಷ ಹಂಗ ಉಂಡೀನ್ರಿ."

"ಅದಕ್ಕೆ ಸುಳ್ಳು ಯಾಕೆ?"

"ನೀಲವ್ವನ ಮಗ ನನ್ನ ಕ್ಲಾಸಿನಾಂವ. ನಾ ಸಾಲಿಗೆ ಹೋದ ಕೂಡ್ಲೆ ಎಲ್ಲಾರ ಮುಂದ 'ನಮ್ಮ ಮಂಗಳವಾರ ಬಂತು' ಅಂತಿದ್ದ. ನನ್ನ ಹೆಸರ ಅದಾಗಿತ್ತು. ಹತ್ತನೇತ್ತಾ ಪಾಸಾದಾಗ ಜಿಲ್ಲಾಕ್ಕ ಮೊದಲನೇಯಾಂವ ಬಂದೆ. ಸನ್ಮಾನ ಮಾಡಿದ್ರು. ಆ ಏಳೂ ಮನಿ ಹೆಣ್ಣಮಕ್ಕಳು ಮುಂದಿನ ಸಾಲಿನಾಗ ಕುಂತಿದ್ರು. ನಾ ಮೈಕ್ ಹಿಡದು, 'ನಾ ಯಾರ ಹಂಗಿನಾಗೂ ಬೆಳದಾಂವ ಅಲ್ಲ, ನನ್ನ ಸ್ವಂತ ಶ್ರಮದಿಂದ ಮ್ಯಾಲ ಬಂದಾಂವ' ಅಂದೆ. ಅವತ್ತಿನಿಂದ ಆ ಓಣಿಗೆ ಕಾಲಿಟ್ಟಿಲ್ರಿ."

ಅವನು ತೋಳಿನಿಂದ ಕಣ್ಣೊರೆಸಿಕೊಂಡ. ಅಮ್ಮನೂ ಕಣ್ಣೊರೆಸಿಕೊಂಡರು. ಡಾಕ್ಟರು ಕಣ್ಣು ಮುಟ್ಟಬೇಡಿ ಎಂದಿದ್ದು ಇಬ್ಬರಿಗೂ ನೆನಪಾಗಲಿಲ್ಲ.

"ಚೀಲ ಕಟ್ಟಿದ್ದೀಯಲ್ಲ?"

"ಹೌದ್ರಿ."

"ಹಾಗಾದ್ರೆ ಇವತ್ತೇ ಹೊರಡು. ಆ ಓಣಿಗೆ ಹೋಗಿ ಊಟ ಮಾಡು."

"ಯಾವ ಮುಖ ಇಟಗೊಂಡು ಹೋಗ್ಲಿರಿ?"

"ಹಸಿದ ಮುಖ. ಅವರಿಗೆ ಅದೇ ಗುರುತಿರೋದು."

ಇಂದುಧರ ಹೋದ. ಅವನು ತಿರುಗಿ ಬರುತ್ತಾನೆಯೇ ಎಂದು ಅಮ್ಮ ಯಾರನ್ನೂ ಕೇಳಲಿಲ್ಲ. ಆದರೆ ದಿನಾ ಒಂದು ಹಿಡಿ ಅಕ್ಕಿ ಹೆಚ್ಚು ಹಾಕುತ್ತಿದ್ದರು.

ಹನ್ನೆರಡನೆಯ ದಿನ ಅವನು ಬಂದ. ಬಂದವನೇ ಜಗಲಿಯ ಕೆಳಗೆ ನಿಂತ.

"ಉಂಡೆಯಾ?"

"ಉಂಡೆ ಅಮ್ಮಾರ."

"ಕೂತು ಹೇಳು."

"ಏಳರಾಗ ಮೂರು ಮನಿಗೆ ಕೀಲಿ ಬಿದ್ದೈತ್ರಿ. ಪೋಸ್ಟಿನವರು ತೀರಿಕೊಂಡಾರ. ನಾಕು ಮನಿ ಸಿಕ್ಕವು. ನೀಲವ್ವನ ಮನಿಗೆ ಹೋಗಿ, ಹೆಸರು ಹೇಳಾಕ ಧೈರ್ಯ ಸಾಲದ, ಸುಮ್ನ ನಾ ಯಾವಾಗ್ಲೂ ಊಟಕ್ಕ ಕೂಡ್ತಿದ್ದ ಒಳಗಿನ ಕಂಬಕ್ಕ ಆತು ಕುಂತೆ. ಆಕಿಗೆ ಈಗ ಕಣ್ಣು ಅಷ್ಟಕ್ಕಷ್ಟ. ನಾ ಕುಂತ ಜಾಗಾ ನೋಡಿ, 'ಇವತ್ತು ಗುರುವಾರ ಅಲ್ಲೇನೋ ಇಂದು, ದಾರಿ ತಪ್ಪಿ ಬಂದೀಯೇನು?' ಅಂದ್ಲು."

ಅಮ್ಮ ನಕ್ಕರು.

"ಆಮ್ಯಾಲ?"

"ರೊಟ್ಟಿ ಬಡದ್ಲು. ನಾ ಕಾಲಿಗೆ ಬಿದ್ದು, ಸನ್ಮಾನದಾಗ ಹಂಗ ಅಂದಿದ್ದಕ್ಕ ಕ್ಷಮಾ ಮಾಡು ಯವ್ವಾ ಅಂದೆ."

"ಎಂತ ಹೇಳಿದ್ರು?"

ಇಂದುಧರ ತಡೆತಡೆದು ಹೇಳಿದ.

"ಆಕಿಗೆ ಆ ಮಾತು ನೆನಪ ಇಲ್ರಿ. ಯಾರಿಗೂ ಇಲ್ಲ. ಅವತ್ತು ನಾ ಮಾತಾಡೂವಾಗ ಏಳೂ ಮಂದಿ ಬರೇ ಚಪ್ಪಾಳಿ ಹೊಡಕೋತ ಕುಂತಿದ್ರಂತ. ಮನಿಗೆ ಹೋಗೂ ದಾರ್ಯಾಗ ಜಗಳಾನೂ ಆಗೇತ್ರಿ. ನಮ್ಮ ಮನಿ ರೊಟ್ಟಿಯಿಂದ ಮಾರ್ಕು ಬಂತು ಅಂತ ನೀಲವ್ವ, ಅಲ್ಲ ನಮ್ಮ ಹೋಳಿಗಿಯಿಂದ ಅಂತ ಬಳಿಗಾರ ಅವ್ವ. ಎರಡು ದಿನ ಮಾತು ಬಿಟ್ಟಿದ್ರಂತ ಅಮ್ಮಾರ, ನನ್ನ ಸಂಬಂಧ."

ಹೇಳುತ್ತ ಹೇಳುತ್ತ ಅವನು ಅತ್ತ. ಆ ಅಳುವಿನಲ್ಲಿ ದುಃಖ ಕಡಿಮೆ ಇತ್ತು. ಇಪ್ಪತ್ತು ವರ್ಷ ಅವನು ಅವರಿಂದ ದೂರ ಓಡಿದ್ದ. ಅವರು ಇಪ್ಪತ್ತು ವರ್ಷ ಅವನನ್ನು ತಮ್ಮವನೆಂದು ಹೇಳಿಕೊಂಡು ಬಂದಿದ್ದರು.

"ನೀಲವ್ವನ ಮಗ ಸಿಕ್ಕಿದ್ನಾ?"

"ಸಿಕ್ಕಿದ್ರಿ. ಮಗ್ಗ ಅವನ ನೋಡ್ತಾನ. ಬಸ್ ಸ್ಟ್ಯಾಂಡ್ ತನಕ ಬಂದು ಸೀಟ್ ಹಿಡದುಕೊಟ್ಟ. ಬಸ್ಸು ಬಿಡೂ ಮುಂದ ಎಲ್ಲಾರಿಗೂ ಕೇಳೂವಂಗ ಹೆಸರು ಹಿಡದು ಕರದಾನ್ರಿ, ಇಂದುಧರಾ ಅಂತ."

ಅಮ್ಮ ಎದ್ದರು. ಚಪ್ಪರಕ್ಕೆ ನಡೆದರು. ಇಂದುಧರ ಹಿಂದೆಯೇ ಹೋದ.

"ಅಮ್ಮಾರ, ಒಂದು ಮಾತು. ನಾ ತೊಳದದ್ದು ಹೊಳ್ಳಿ ಬರೂದಿಲ್ಲ. ನಿಮಗ ಬ್ಯಾಸರ ಆಗಿಲ್ಲೇನ್ರಿ?"

"ಆಗಿದೆ. ಮೂರು ದಿನ ಅನ್ನ ಸೇರಲಿಲ್ಲ ನನಗೆ. ನನ್ನ ಪ್ರಶ್ನೆಗೆ ಉತ್ತರ ಆ ಮೊಳದಲ್ಲೇ ಇತ್ತೋ ಎಂತದೋ, ಇನ್ನು ಗೊತ್ತಾಗೋದಿಲ್ಲ." ಅಮ್ಮ ಫ್ರಿಜ್ಜಿನ ಬಾಗಿಲಿಗೆ ಕೈಯಿಟ್ಟು ನಿಂತರು. "ಆದ್ರೆ ನನ್ನ ಕಣ್ಣಿಗೆ ಮೊದಲು ಚೆಂದದ್ದು ಕಾಣಲಿ ಅಂತ ಒಬ್ಬ ಕೊಡಗಟ್ಟಲೆ ನೀರು ಹೊತ್ತನಲ್ಲ, ಅದೂ ನನಗೆ ಬಂದದ್ದೇ. ಅದನ್ನು ನಾನು ಚೆಲ್ಲೋದಿಲ್ಲ."

ಬಾಗಿಲು ತೆಗೆದರು. ಎರಡನೆಯ ತುಂಡನ್ನು ಎರಡೂ ಕೈಯಿಂದ ಎತ್ತಿ, ಅವನ ಕೈಗಿಟ್ಟರು.

ಇಂದುಧರನಿಗೆ ನಂಬಿಕೆಯಾಗಲಿಲ್ಲ. ಪ್ಲಾಸ್ಟಿಕ್ಕಿನ ಒಳಗೆ ಬೂದುಬಣ್ಣದ ಹೂಳು ತಣ್ಣಗೆ, ಭಾರವಾಗಿ ಮಲಗಿತ್ತು. ಎಲ್ಲೆಲ್ಲಿಂದಲೋ ತೇಲಿ ಬಂದು, ಯಾವುದೋ ಕೊಂಬೆಯ ನಡುವೆ ನಿಂತ ಮೂರು ಸಾವಿರ ವರ್ಷ.

"ನನಗ ಕೊಡ್ತೀರೇನ್ರಿ?"

"ಓದುವವ ನೀನು ಅಂದಿದ್ದೆನಲ್ಲ."

"ಬ್ಯಾಡ್ರಿ ಅಮ್ಮಾರ. ನೋಡ್ರಿ, ನನ್ನ ಕೈ ನಡುಗಾಕ ಹತ್ಯಾವು."

"ನಡುಗಲಿ" ಎಂದರು ಅಮ್ಮ. "ಆವತ್ತು ನಡುಗಿರಲಿಲ್ಲ."